ಬಾಯಮ್ಮ ಹೊಯ್ಯುತ್ತಿದ್ದ ಹಾಲು

ಮೊನ್ನೆ ಅಡುಗೆಗೆಂದು ಹಿಂಡಿಟ್ಟ ತೆಂಗಿನ ಹಾಲು ಕೈತಪ್ಪಿ ಚೆಲ್ಲಿತು. ಒರೆಸಿದ ಬಟ್ಟೆಯನ್ನು ಹಿತ್ತಿಲ ಕಟ್ಟೆಯ ಮೇಲೆ ಬಿಟ್ಟು ಮರೆತೆ. ಮಧ್ಯಾಹ್ನದ ಬಿಸಿಲಿಗೆ ಅದು ಅರ್ಧ ಒಣಗಿ, ಅರ್ಧ ಹುಳಿಯಾಗಿ, ಒಂದು ವಾಸನೆ ಎದ್ದಿತು... ಸಿಹಿ ಎನ್ನುವಂತಿಲ್ಲ, ಹಳಸಲು ಎನ್ನುವಂತೆಯೂ ಇಲ್ಲ. ಮೂಡುಬಿದಿರೆಯ ಈ ಮನೆಯ ಹಿತ್ತಿಲಲ್ಲಿ ನಿಂತಿದ್ದವಳು ಒಂದು ಗಳಿಗೆ ಮಡಂತ್ಯಾರಿನ ಅಂಗಳದಲ್ಲಿದ್ದೆ. ಒದ್ದೆ ಕೂದಲಿನ ಒಂದು ಸಣ್ಣ ಹುಡುಗಿ ನನ್ನ ಪಕ್ಕದಲ್ಲಿ ಹಾದುಹೋದಂತಾಯಿತು.

ಮಂಗಳೂರಿನಲ್ಲಿ ಬಿ.ಎ. ಮುಗಿಸಿದ ನಾನು ಟೀಚರಾಗಿ ಮಡಂತ್ಯಾರಿಗೆ ಹೋದದ್ದು ಐವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ನಾರಾವಿಯ ನನ್ನ ಮನೆಯಿಂದ ದಿನವೂ ಬಂದುಹೋಗುವುದು ಸಾಧ್ಯವಿರಲಿಲ್ಲ. ಪೇಟೆಯ ಹತ್ತಿರದ ಒಂದು ಕ್ರಿಶ್ಚಿಯನ್ ಮನೆಯ ಬದಿಯ ಕೋಣೆ ನನಗೆ ಸಿಕ್ಕಿತು. ಮನೆಯ ಯಜಮಾನಿಯನ್ನು ಬಸ್ಸಿನ ಕಂಡಕ್ಟರನಿಂದ ಮೀನಿನವಳವರೆಗೆ ಎಲ್ಲರೂ ‘ಬಾಯಮ್ಮ’ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಮೊದಲ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದರು, “ಬಿ.ಎ. ಅಂದ್ರೆ ಎಷ್ಟು ಓದಿದ ಹಾಗೆ? ನಮ್ಮ ಪಾದ್ರಿಗಳಷ್ಟಾ?”

“ಅಷ್ಟಿಲ್ಲ ಬಾಯಮ್ಮ.”

“ಹಾಗಾದ್ರೆ ತೊಂದರೆ ಇಲ್ಲ. ಕೂತ್ಕೊ, ಗಂಜಿ ಉಂಟು.”

ಸಣ್ಣ ಮೈಕಟ್ಟು, ಕೊರಳಲ್ಲಿ ಜಪಸರ, ಸದ್ದಿಲ್ಲದ ನಡಿಗೆ. ಅವರು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದದ್ದು ತಿಳಿಯುತ್ತಲೇ ಇರಲಿಲ್ಲ. ಹಿರಿಯ ಮಗ ಬೊಂಬಾಯಿಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿಯೇ ಬೆಳೆದ ಹುಡುಗಿಯನ್ನು ಮದುವೆಯಾಗಿ, ಈಗ ಊರಿಗೆ ಬಂದು ದಿನಸಿ ಅಂಗಡಿ ಇಟ್ಟಿದ್ದ. ಕಿರಿಯವನು ಬಂಟ್ವಾಳ–ಬೆಳ್ತಂಗಡಿ ಬಸ್ಸಿನ ಡ್ರೈವರ್, ಇನ್ನೂ ಮದುವೆಯಾಗಿರಲಿಲ್ಲ. ಹಿರಿಯವನಿಗೆ ಒಬ್ಬಳೇ ಮಗಳು. ನನ್ನ ಶಾಲೆಯಲ್ಲೇ ಓದುತ್ತಿದ್ದಳು. ಮನೆಯವರು ತಮ್ಮೊಳಗೆ ಕೊಂಕಣಿ ಆಡುತ್ತಿದ್ದರು. ನಾನು ಒಳಗೆ ಬಂದರೆ ಮರ್ಯಾದೆಗೆಂದು ಕನ್ನಡಕ್ಕೆ ಹೊರಳುತ್ತಿದ್ದರು. ಜಗಳದ ನಡುವೆಯೂ ಹಾಗೆ ಹೊರಳುತ್ತಿದ್ದುದರಿಂದ ಅವರ ಜಗಳಗಳೆಲ್ಲ ನನಗೆ ಚೆನ್ನಾಗಿ ಅರ್ಥವಾಗುತ್ತಿದ್ದವು.

ಅವರ ಸಮುದಾಯದಲ್ಲಿ ಮದುವೆಯ ಹಿಂದಿನ ದಿನ ಹುಡುಗ ಹುಡುಗಿಯರಿಗೆ ತೆಂಗಿನ ಹಾಲು ಹೊಯ್ದು ಮೀಯಿಸುವ ಕ್ರಮವಿದೆ. ರೋಸ್ ಎನ್ನುತ್ತಾರೆ. ಬಾಯಮ್ಮನ ತವರಿನಲ್ಲಿ ಮಾತ್ರ ಅದನ್ನು ಮಕ್ಕಳ ಹುಟ್ಟುಹಬ್ಬಕ್ಕೂ ಮಾಡುತ್ತಿದ್ದರು. ಬೇರೆ ಯಾವ ಮನೆಯಲ್ಲೂ ನಾನು ಅದನ್ನು ಕಂಡಿಲ್ಲ. ಬಾಯಮ್ಮನಿಗಿಂತ ಮೊದಲು ಹುಟ್ಟಿದ ಮಕ್ಕಳನ್ನೆಲ್ಲ ಅವರ ತಾಯಿ ಕಳೆದುಕೊಂಡಿದ್ದರಂತೆ. ಈ ಒಂದಾದರೂ ಮದುವೆಯವರೆಗೆ ಉಳಿಯುತ್ತದೋ ಇಲ್ಲವೋ ಎಂದು, ಮದುವೆಯ ಹಾಲನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪ ಮುಂಗಡವಾಗಿ ಹೊಯ್ದರಂತೆ. ಮಗು ಉಳಿಯಿತು. ಉಳಿದ ಮಗು ದೊಡ್ಡದಾಗಿ ತನ್ನ ಮಕ್ಕಳಿಗೂ ಹೊಯ್ದಿತು.

ನಾನು ಆ ಮನೆಗೆ ಬಂದ ವರ್ಷವೇ ಅದನ್ನು ಪೂರ್ತಿಯಾಗಿ ನೋಡಿದೆ. ಬೆಳಗಿನ ಬಿಸಿಲು, ಅಂಗಳದ ನಡುವೆ ಒಂದು ಮಣೆ, ಮಣೆಯ ಮೇಲೆ ಹಳೆಯ ಲಂಗ ತೊಟ್ಟು ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತ ಹುಡುಗಿ. ಬಾಯಮ್ಮ ಮರದ ಬಟ್ಟಲಿನಿಂದ ಹಾಲು ಹೊಯ್ಯುತ್ತ ತುಟಿಯೊಳಗೆ ಏನೋ ಹೇಳುತ್ತಿದ್ದರು. ಹಾಲು ಹುಡುಗಿಯ ಕಿವಿಯ ಹಿಂದೆ ಇಳಿದು, ಮೊಣಕೈಯಿಂದ ಹನಿದು, ಮಣ್ಣಿನ ಮೇಲೆ ಬಿಳಿಯಾಗಿ ಹರಡಿ, ನೋಡುತ್ತಿದ್ದಂತೆ ಇಂಗಿಹೋಗುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಕಾಗೆಗಳು ಕೂಡ ಬೇಲಿಯ ಮೇಲೆ ಸುಮ್ಮನೆ ಕುಳಿತಿದ್ದವು, ಅಥವಾ ನನಗೆ ಹಾಗೆ ಕಂಡಿತು... ಕೊನೆಗೆ ಚಿಕ್ಕಪ್ಪನ ಪಾಲಿನ ತಮಾಷೆ. ಬಟ್ಟಲಿನಲ್ಲಿ ಉಳಿದ ಹಾಲಿಗೆ ಅವನು ಹಿಂದಿನಿಂದ ಬಂದು ಹುಡುಗಿಯ ಮುಖವನ್ನು ಅದ್ದಬೇಕು. ಅದ್ದಿದ. ಅವಳು ಬಿಳಿ ಹುಬ್ಬುಗಳೊಂದಿಗೆ ತಲೆಯೆತ್ತಿ ಕಿಲಕಿಲ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಸೊಸೆ ನಗಲಿಲ್ಲ.

ಮುಂದಿನ ವರ್ಷ ಹುಟ್ಟುಹಬ್ಬ ಹತ್ತಿರ ಬಂದಾಗ ಸೊಸೆ ಮಾತು ತೆಗೆದಳು. ಎಲ್ಲರೂ ಊಟಕ್ಕೆ ಕುಳಿತಿದ್ದರು.

“ಈ ಸಲ ಹಾಲು ಬೇಡ ಮಾಂಯ್. ಕೇಕ್ ತರಿಸುವ. ಮೇಣದ ಬತ್ತಿ ಹಚ್ಚುವ. ಎಲ್ಲ ಕಡೆ ಹಾಗೇ ಮಾಡ್ತಾರೆ.”

“ಎಲ್ಲ ಕಡೆ ಅಂದ್ರೆ ಬೊಂಬಾಯಿಯಾ?” ಅತ್ತೆ ತಲೆಯೆತ್ತದೆ ಕೇಳಿದರು.

“ಬೊಂಬಾಯಿ ಬಿಡಿ. ಪ್ರತಿ ವರ್ಷ ಮಗುವನ್ನು ಕೂರಿಸಿ, ನೀನು ಮದುವೆವರೆಗೆ ಇರ್ತೀಯೋ ಇಲ್ವೋ ಅಂತ ನೆನಪು ಮಾಡುವುದಾ? ಇದು ಎಂತ ಆಶೀರ್ವಾದ?”

ಬಾಯಮ್ಮನ ಕೈ ತಟ್ಟೆಯಲ್ಲಿ ನಿಂತಿತು. “ನಿನ್ನ ಗಂಡ ಉಳಿದದ್ದು ಆ ಹಾಲಿನಿಂದ.”

“ಡಾಕ್ಟರ ಮದ್ದಿನಿಂದ.”

“ಅಣ್ಣ ಉಳಿದಿದ್ದಾನೆ ಅಂತ ಯಾರು ಹೇಳಿದ್ದು ವೊನಿ?” ಡ್ರೈವರ್ ಮೈದುನ ಅತ್ತಿಗೆಯ ಮಾತಿನ ಮಧ್ಯೆ ಬಾಯಿ ಹಾಕಿದ. “ನೀವು ಮಾತಾಡುವಾಗ ನೋಡಿ ಅವನನ್ನು. ಉಸಿರೇ ಇಲ್ಲ.”

ಹಿರಿಯ ಮಗ ನಿಜಕ್ಕೂ ಉಸಿರು ಬಿಡದೆ ಮೀನಿನ ಮುಳ್ಳು ಬಿಡಿಸುತ್ತಿದ್ದ. ಸೊಸೆ ನನ್ನ ಕಡೆ ತಿರುಗಿ, “ನೀವು ಹೇಳಿ ಟೀಚರ್, ನೀವು ಓದಿದವರು” ಎಂದಳು. ನಾನು ಎರಡೂ ಚೆಂದವೇ ಎಂದೆ. ಅದು ಯಾರಿಗೂ ಬೇಕಾದ ಉತ್ತರವಾಗಿರಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಎರಡು ಪಂಗಡಗಳಾದವು. ಬಾಯಮ್ಮ ಮತ್ತು ಕಿರಿಯ ಮಗ ಒಂದು ಕಡೆ. ಸೊಸೆ ಇನ್ನೊಂದು ಕಡೆ. ಹಿರಿಯ ಮಗ ಅಂಗಡಿಯಲ್ಲಿ. ಹುಡುಗಿ ಮಾತ್ರ ಹಾಲೂ ಬೇಕು, ಕೇಕೂ ಬೇಕು ಎನ್ನುತ್ತಿದ್ದಳು. ಒಂದು ಸಂಜೆ ಬಾಯಮ್ಮ ನನ್ನ ಕೋಣೆಯ ಹೊಸ್ತಿಲಲ್ಲಿ ಬಂದು ಕುಳಿತರು. ಬಹಳ ಹೊತ್ತು ಜಪಸರದ ಮಣಿ ತಿರುವಿದರು.

“ಅವಳು ಹೇಳುವುದು ಸುಳ್ಳಲ್ಲ ಟೀಚರೆ. ಹೆದರಿಕೆಯಿಂದಲೇ ಹೊಯ್ಯುವುದು ನಾನು. ಆದ್ರೆ ಹೊಯ್ಯದಿದ್ರೆ ಆ ಹೆದರಿಕೆಯನ್ನು ಎಲ್ಲಿ ಇಡಲಿ?”

ನಾನು ತಿದ್ದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟೆ.

“ಕೇಕ್ ಮಾಡ್ಲಿಕ್ಕೆ ಎಂತ ಎಲ್ಲ ಬೇಕು?” ಎಂದು ಅವರೇ ಮತ್ತೆ ಕೇಳಿದರು.

ಪೇಟೆಯಿಂದ ತರಿಸುವುದು ಬೇಡ, ಕೇಕ್ ನಾನೇ ಮಾಡ್ತೇನೆ ಎಂದು ಅವರು ಮರುದಿನ ಸಾರಿದಾಗ ಸೊಸೆಗೆ ನಂಬಿಕೆ ಬರಲಿಲ್ಲ. ಆದರೂ ಒಂದು ರಾಜಿಯಾಯಿತು. ಅಂಗಳದಲ್ಲಿ ಹಾಲು ಹೊಯ್ಯುವುದಿಲ್ಲ. ಕೇಕ್ ತುಂಡು ಮಾಡಿದ ಮೇಲೆ ಬಾಯಮ್ಮ ಹಾಲಿನಲ್ಲಿ ಅದ್ದಿದ ಬೆರಳಿನಿಂದ ಹುಡುಗಿಯ ಹಣೆ ಮುಟ್ಟುವುದು, ಅಷ್ಟೇ.

ಅವರು ಹಿತ್ತಾಳೆಯ ಪಾತ್ರೆಯಲ್ಲಿ, ಮೇಲೆ ಕೆಂಡ ಕೆಳಗೆ ಕೆಂಡ ಇಟ್ಟು ಎರಡು ಕೇಕ್ ಬೇಯಿಸಿದರು. ಮನೆಯೆಲ್ಲ ಏಲಕ್ಕಿಯ ಪರಿಮಳ. ಸೊಸೆ ಹೇಳಿದ್ದ ಬೊಂಬಾಯಿಯ ಕೇಕಿನಂತೆ ಒಂದರ ಮೇಲೊಂದು ನಿಲ್ಲಬೇಕಿತ್ತು. ಮೇಲಿನದು ಓರೆಯಾಗಿ ಉಬ್ಬಿ, ಜಾರಿ ಜಾರಿ ಬೀಳುತ್ತಿತ್ತು. ಬಾಯಮ್ಮನಿಗೆ ತಿಳಿದ ಉಪಾಯ ಒಂದೇ. ನಮ್ಮ ಕಡೆ ಗುಂಡ ಎನ್ನುವ ಕಡುಬು ಬೇಯಿಸಲು ಹಲಸಿನ ಎಲೆಗಳನ್ನು ಸೇರಿಸಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ ಕೊಟ್ಟೆ ಮಾಡುತ್ತಾರಲ್ಲ, ಅದೇ ಕಡ್ಡಿಗಳನ್ನು ಚೂಪಾಗಿ ಸೀಳಿ, ಮೇಲಿನಿಂದ ಕೆಳಗಿನವರೆಗೆ ಅಲ್ಲಲ್ಲಿ ಚುಚ್ಚಿ ನಿಲ್ಲಿಸಿದರು. ಎಳೆಯಲು ಸಿಗಲಿ ಎಂದು ತುದಿಗಳನ್ನು ಸ್ವಲ್ಪ ಮೇಲಕ್ಕೆ ಬಿಟ್ಟರು. ಆಮೇಲೆ ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಕಡೆದು ದಪ್ಪಗೆ ಬಳಿದಾಗ ಎಲ್ಲವೂ ಮುಚ್ಚಿಹೋಯಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನಾನು ನೋಡಿದಾಗ ಅದು ಮೇಜಿನ ಮೇಲೆ ಒಂದು ಬಿಳಿ ಗುಡ್ಡದಂತೆ ಹೊಳೆಯುತ್ತಿತ್ತು. ಸೊಸೆ ಅದರ ಮುಂದೆ ನಿಂತು, “ಚೆಂದ ಆಗಿದೆ ಮಾಂಯ್” ಎಂದಳು. ಬಾಯಮ್ಮ ನಾಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಹೊಸ ಫ್ರಾಕ್ ತೊಟ್ಟ ಹುಡುಗಿ ಮೇಣದ ಬತ್ತಿಗಳನ್ನು ಊದಿದಳು. ಸೊಸೆ ಅವುಗಳನ್ನು ಕಿತ್ತು ಪಕ್ಕಕ್ಕಿಟ್ಟು, ಚೂರಿ ತರಲು ಒಳಗೆ ಹೋದಳು. ಬಾಯಮ್ಮ ಹಾಲಿನ ಬಟ್ಟಲು ಹಿಡಿದು ಮೇಜಿನ ಆ ಬದಿಯಲ್ಲಿದ್ದರು. ನಾನು ಈ ಬದಿಯಲ್ಲಿ. ಡ್ಯೂಟಿ ಮುಗಿಸಿ ಆಗಷ್ಟೇ ಬಂದ ಡ್ರೈವರ್, ಖಾಕಿ ಅಂಗಿಯಲ್ಲೇ, ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡುತ್ತ ಹುಡುಗಿಯ ಹಿಂದೆ ಬಂದ. ಹಾಲಿಲ್ಲದಿದ್ದರೇನು, ತನ್ನ ಪಾಲಿನ ತಮಾಷೆ ತಪ್ಪಬಾರದಲ್ಲ. ನಾನು ನಗುತ್ತಿದ್ದೆ.

ಅವನ ಅಂಗೈ ಅವಳ ತಲೆಯ ಹಿಂದೆ ಬಂದದ್ದು, ಅವಳ ಮುಖ ಬಿಳಿ ಗುಡ್ಡದ ಕಡೆ ಬಾಗಿದ್ದು... ಅದು ನನ್ನೊಳಗೆ ಈಗಲೂ ನೀರಿನೊಳಗೆ ನಡೆದಂತೆ ನಿಧಾನವಾಗಿ ನಡೆಯುತ್ತದೆ. ಅವಳ ಕಣ್ಣು ಪೂರ್ತಿ ತೆರೆದಿತ್ತು. ಹಾಲಿನ ಬಟ್ಟಲು ನೆಲಕ್ಕೆ ಬಿದ್ದ ಸದ್ದು. ಬಾಯಮ್ಮನ ಕೈ ಮೇಜಿನ ಅಡ್ಡಕ್ಕೆ ಚಾಚಿ ಕೇಕಿನ ಮೇಲೆ ಅಂಗೈ ಕೆಳಗಾಗಿ ಬಿತ್ತು. ಆ ಕೈಯ ಮೇಲೆ ಹುಡುಗಿಯ ಮುಖ, ಮುಖದ ಹಿಂದೆ ಡ್ರೈವರನ ಬಲ.

ಹುಡುಗಿ ಮೂಗು ಉಜ್ಜುತ್ತ ತಲೆಯೆತ್ತಿದಳು. ಬಾಯಮ್ಮ ಕೈ ಎತ್ತಲಿಲ್ಲ. ಬಿಳಿಯ ಮೇಲೆ ಕೆಂಪು ಮೆಲ್ಲಗೆ ಹರಡಿತು.

“ಕಡ್ಡಿ ಉಂಟು,” ಎಂದರು ಅವರು ಬಹಳ ಸಣ್ಣ ದನಿಯಲ್ಲಿ. “ಮಗುವನ್ನು ಆಚೆ ತೆಗಿ.”

ಚೂರಿ ಹಿಡಿದು ಬಂದ ಸೊಸೆ ಎಲ್ಲವನ್ನೂ ಒಂದೇ ನೋಟಕ್ಕೆ ಕಂಡಳು. ಮಗಳ ಮುಖವನ್ನು ಬೆಳಕಿಗೆ ತಿರುಗಿಸಿ ಎರಡೂ ಕಣ್ಣುಗಳನ್ನು ನೋಡಿದಳು. ಆಮೇಲೆ ಕೂಗಿದಳು, “ಯಾರು ಹೇಳಿದ್ದು ನಿಮಗೆ ಕೇಕ್ ಮಾಡ್ಲಿಕ್ಕೆ?”

“ನೀನೇ ಅಲ್ವಾ ಪುತಾ,” ಎಂದರು ಬಾಯಮ್ಮ. “ಗುಂಡಕ್ಕೆ ಚುಚ್ಚುವ ಹಾಗೆ ಚುಚ್ಚಿದೆ. ತುಂಡು ಮಾಡುವಾಗ ತೆಗೀತೇನೆ ಅಂತ ಇದ್ದೆ.”

ಡ್ರೈವರ್ ಗೋಡೆಗೆ ಒರಗಿ ಕುಳಿತುಬಿಟ್ಟಿದ್ದ. ಸೊಸೆ ಅತ್ತೆಯ ಕೈಯನ್ನು ಎತ್ತಿ ತನ್ನ ಸೆರಗಿನಲ್ಲಿ ಸುತ್ತಿದಳು. ಒಂದು ಕಡ್ಡಿ ಅಂಗೈಯೊಳಗೆ ಮುರಿದಿತ್ತು. ಬೆಳ್ತಂಗಡಿಯ ಡಾಕ್ಟರರು ಅದನ್ನು ತೆಗೆದರು. ಮನೆಯವರು ಬಾಯಮ್ಮನನ್ನು ಅಲ್ಲಿಗೆ ಕರೆದೊಯ್ದಾಗ ಆ ಕೋಣೆಯಲ್ಲಿ ಉಳಿದದ್ದು ನಾನು, ಹುಡುಗಿ, ಮತ್ತು ಆ ಕೇಕ್. ಉಳಿದ ಕಡ್ಡಿಗಳ ತುದಿಗಳು ಈಗ ಸಕ್ಕರೆಯಿಂದ ಹೊರಗೆ ಕಾಣುತ್ತಿದ್ದವು. ಹುಡುಗಿ ಒಂದನ್ನು ಮುಟ್ಟಲು ಬೆರಳು ಚಾಚಿದಾಗ ನಾನು ಕಿರುಚಿದೆನಂತೆ. ನನಗೆ ಅದು ಗೊತ್ತಿಲ್ಲ. ಅವಳೇ ಆಮೇಲೆ ಹೇಳಿದ್ದು.

ಬಾಯಮ್ಮನ ಗಾಯ ಮಾಗಿತು. ಆದರೆ ಹಾಲಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಸೊಸೆಯೂ ಎತ್ತಲಿಲ್ಲ. ಇಬ್ಬರೂ ಒಟ್ಟಿಗೆ ಕುಳಿತು ಅಕ್ಕಿ ಆರಿಸುತ್ತಿದ್ದುದನ್ನು ನೋಡಿದ್ದೇನೆ. ಮಾತು ಕಡಿಮೆ. ಮುಂದಿನ ಹುಟ್ಟುಹಬ್ಬಕ್ಕೆ ಮೊದಲೇ ಬಾಯಮ್ಮ ತೀರಿಕೊಂಡರು. ಅದು ಆ ಗಾಯದಿಂದಲ್ಲ, ಕೆಲವು ದಿನಗಳ ಜ್ವರದಿಂದ. ಹೋಗುವಾಗಲೂ ಸದ್ದು ಮಾಡಲಿಲ್ಲ.

ಆ ವರ್ಷದ ಹುಟ್ಟುಹಬ್ಬದ ಬೆಳಿಗ್ಗೆ ಸೊಸೆ ನನ್ನ ಬಾಗಿಲು ತಟ್ಟಿದಳು. ಕೈಯಲ್ಲಿ ಆಗಷ್ಟೇ ಹಿಂಡಿದ ಹಾಲಿನ ಬಟ್ಟಲು. ಅಂಗಳದಲ್ಲಿ ಮಣೆ ಇಟ್ಟಾಗಿತ್ತು. ಹುಡುಗಿ ಕಣ್ಣು ಮುಚ್ಚಿ ಕುಳಿತಿದ್ದಳು.

“ಟೀಚರ್, ಮಾಂಯ್ ಹಾಲು ಹೊಯ್ಯುವಾಗೆಲ್ಲ ನಾನು ಬಾಗಿಲಲ್ಲಿ ಸಿಟ್ಟು ಮಾಡಿಕೊಂಡು ನಿಲ್ತಿದ್ದೆ, ಸರಿಯಾಗಿ ನೋಡಲಿಲ್ಲ. ಆ ವರ್ಷ ನೀವು ಹತ್ತಿರ ಇದ್ರಿ. ಮಾಂಯ್ ಮೊದಲು ತಲೆಗೆ ಹೊಯ್ಯುವುದಾ, ಭುಜಕ್ಕಾ? ಹೊಯ್ಯುವಾಗ ಎಂತದೋ ಹೇಳ್ತಿದ್ರಲ್ಲ, ಅದು ಎಂತ? ನನ್ನ ಗಂಡನಿಗೂ ಗೊತ್ತಿಲ್ಲ, ಇವಳಿಗೂ ನೆನಪಿಲ್ಲ. ಮೈದುನನನ್ನು ಕೇಳಿದ್ರೆ ಅಳ್ತಾನೆ.”

ನಾನು ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದೆ. ಬಾಯಮ್ಮನ ಕೈ ಬಂತು. ಆದರೆ ಆ ಕೈ ಹಾಲು ಹೊಯ್ಯಲಿಲ್ಲ. ಮೇಜಿನ ಅಡ್ಡಕ್ಕೆ ಚಾಚಿ ಬಿತ್ತು. ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ.

“ಗೊತ್ತಿಲ್ಲ,” ಎಂದೆ.

ಅವಳು ಬಟ್ಟಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಆಮೇಲೆ ಅಂಗಳಕ್ಕಿಳಿದು, ಅಂದಾಜಿನಿಂದ, ಮಗಳ ಬಲಭುಜದಿಂದ ಶುರುಮಾಡಿದಳು. ತುಟಿಯೊಳಗೆ ಏನೂ ಹೇಳಲಿಲ್ಲ.

ಆ ಹುಡುಗಿಗೆ ಮದುವೆಯಾಯಿತು, ಮಕ್ಕಳಾದರು. ಅವರ ಮನೆಯಲ್ಲಿ ಈಗಲೂ ಹುಟ್ಟುಹಬ್ಬಕ್ಕೆ ಹಾಲು ಹೊಯ್ಯುತ್ತಾರೆ, ಬಲಭುಜದಿಂದ ಶುರುಮಾಡಿ, ಬಾಯಿ ಮುಚ್ಚಿಕೊಂಡು. ಅದೇ ಕ್ರಮ ಎಂದು ಅವರು ನಂಬಿದ್ದಾರೆ. ಇರಲಿ. ನನ್ನೊಳಗೆ ಮಾತ್ರ ಬಾಯಮ್ಮನ ತುಟಿಗಳು ಅಲುಗುತ್ತವೆ, ನಾನು ಕಿವಿಗೊಡುತ್ತೇನೆ, ಅಷ್ಟರಲ್ಲಿ ಬಟ್ಟಲು ನೆಲಕ್ಕೆ ಬೀಳುತ್ತದೆ...