ಸತ್ಯಮೂರ್ತಿಯವರು ಹೊರಗೆ ಹಾಕಿದ ಮೇಜು

ಪಶ್ಚಿಮ ವಲಯದ ವೃತ್ತಿಪರ ಗಾಲ್ಫ್ ಪಂದ್ಯಾವಳಿಯ ಚರಿತ್ರೆಯನ್ನು ಗೆದ್ದವರ ಹೆಸರುಗಳಿಂದ ಬರೆಯುವುದು ವಾಡಿಕೆ. ಆದರೆ ಅದರ ಮಾನ ಉಳಿಸಿದವರಾರು ಎಂದು ಕೇಳಿದರೆ, ಒಂದು ದಿನವೂ ಗಾಲ್ಫ್ ಕೋಲು ಹಿಡಿಯದ ಶ್ರೀ ಸತ್ಯಮೂರ್ತಿಯವರ ಹೆಸರನ್ನೇ ಹೇಳಬೇಕಾಗುತ್ತದೆ. ಮೈಸೂರಿನಿಂದ ಮಹಾನಗರಕ್ಕೆ ಬಂದು ಫೋರ್ಟ್ ಬಡಾವಣೆಯ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರಾಗಿ, ಆಂಟಾಪ್ ಹಿಲ್ಲಿನಲ್ಲಿ ಸಂಸಾರ ಹೂಡಿದ ಅವರನ್ನು, ಅಂಕಿಗಳಲ್ಲಿ ತಪ್ಪದವರೆಂಬ ಒಂದೇ ಕಾರಣಕ್ಕೆ ಗಾಲ್ಫ್ ಸಂಘವು ೧೯೬೮ರ ಮೊದಲ ಪಂದ್ಯಾವಳಿಯಲ್ಲಿ ಸ್ಕೋರು ದಾಖಲಿಸಲು ನೇಮಿಸಿತು. ಸಂಬಳವಿಲ್ಲದ ಆ ಕೆಲಸಕ್ಕೆ ಅವರು ಪ್ರತಿ ವರ್ಷ ನಾಲ್ಕು ದಿನ ರಜೆ ಹಾಕಿ, ಲೋಕಲ್ ರೈಲು ಹಿಡಿದು ಬರುತ್ತಿದ್ದರು.

ಪಂದ್ಯ ನಡೆಯುತ್ತಿದ್ದ ಉಪನಗರದ ಕ್ಲಬ್ಬಿನಲ್ಲಿ ಒಂದು ಕಟ್ಟುಪಾಡಿತ್ತು. ವೃತ್ತಿಪರರ ಜೊತೆ ಹವ್ಯಾಸಕ್ಕೆ ಆಡುವ ಸದಸ್ಯರು ಮುಂಬಾಗಿಲಿನಿಂದ ಬಂದು ಸತ್ಯಮೂರ್ತಿಯವರ ಮೇಜಿನ ಮೇಲೆ ಸ್ಕೋರ್ ಕಾರ್ಡು ಇಡಬಹುದು. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ವೃತ್ತಿಪರರು ಮಾತ್ರ ಹೊಸ್ತಿಲು ದಾಟುವಂತಿಲ್ಲ. ಅವರ ಕಾರ್ಡುಗಳನ್ನು ಬೇರರ್ ಅಡುಗೆಮನೆಯ ಕಿಟಕಿಯಲ್ಲಿ ಇಸಿದುಕೊಂಡು, ತಟ್ಟೆಯಲ್ಲಿಟ್ಟು ತರುತ್ತಿದ್ದ. ಪಂದ್ಯಾವಳಿ ಅವರದ್ದೇ, ಆದರೂ ಈ ಉಪಚಾರ!

೧೯೭೧ರಲ್ಲಿ, ವಿಜಾಪುರದ ಕಡೆಯಿಂದ ಬಂದು, ಕ್ಯಾಡಿಯಾಗಿ ಪರರ ಚೀಲ ಹೊತ್ತೇ ಆಟ ಕಲಿತ ಗೌಸ ಅವರು ಎರಡು ಹೊಡೆತಗಳ ಅಂತರದಲ್ಲಿ ಗೆದ್ದರು. ತಟ್ಟೆಯಲ್ಲಿ ಬಂದ ಕಾರ್ಡಿನಲ್ಲಿ ಜೊತೆ ಆಟಗಾರನ ರುಜುವಿತ್ತು. ಗೌಸ ಅವರದ್ದು ಇರಲಿಲ್ಲ, ಆಟಗಾರನ ರುಜುವಿಲ್ಲದಿದ್ದರೆ ಅವನು ಪಂದ್ಯದಿಂದಲೇ ಅನರ್ಹ. ಮರೆಗುಳಿ ಸದಸ್ಯರು ರುಜು ಹಾಕದೆ ಕಾರ್ಡು ಕೈಬಿಡುವ ಮೊದಲೇ ಸತ್ಯಮೂರ್ತಿಯವರು ಎಷ್ಟೋ ಸಲ ಪೆನ್ನು ಮುಂದೆ ಚಾಚಿದ್ದರು. ಮೇಜಿಗೆ ಬಂದು ಸೇರಿದ ಕಾರ್ಡನ್ನು ತಿದ್ದಲು ಮಾತ್ರ ನಿಯಮ ಒಪ್ಪುವುದಿಲ್ಲ. ಗೆದ್ದವರ ಹೆಸರನ್ನು ಅವರು ತಮ್ಮ ಕೈಯಾರೆ ಹೊಡೆದುಹಾಕಿ, ಹೊರಗೆ ಬಂದು ತಾವೇ ವಿಷಯ ತಿಳಿಸಿದರು.

“ಇವರ ಹುಲ್ಲಿನ ಮ್ಯಾಲೆ ನಾಕು ದಿನ ನಡದೀನ್ರಿ ಸಾಹೇಬ್ರ,” ಎಂದರು ಗೌಸ. “ನಾಕು ಹೆಜ್ಜಿ ಒಳಗ ಬಂದಿದ್ರ ಏನಾಗ್ತಿತ್ತು?”

ಸತ್ಯಮೂರ್ತಿಯವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮರುವರ್ಷ ಮೊದಲ ದಿನವೇ ಅವರು ಮೇಜನ್ನು ಹೊರಗೆ ಹೊತ್ತುತಂದು, ಕ್ಯಾಡಿಗಳ ಶೆಡ್ಡಿನ ಮುಂದೆ ಹಾಕಿ ಕುಳಿತರು. ಕ್ಲಬ್ಬಿನ ಕಾರ್ಯದರ್ಶಿ ಬಂದು, ಮೇಜು ಒಳಗೆ ಬರದಿದ್ದರೆ ನೀವೂ ನಾಳೆ ಬರಬೇಡಿ ಎಂದು ಇಂಗ್ಲಿಷಿನಲ್ಲಿ ಗದರಿದರು. ತಮ್ಮನ್ನು ನೇಮಿಸಿದ್ದು ಸಂಘ, ಮೇಜಿಗೆ ಸೂರಿರಬೇಕೆಂಬ ನಿಯಮವಿದ್ದರೆ ತೋರಿಸಿ ಎಂದು ಸತ್ಯಮೂರ್ತಿಯವರು ಅದೇ ಇಂಗ್ಲಿಷಿನಲ್ಲಿ ನಿಯಮಪುಸ್ತಕವನ್ನು ಮುಂದೆ ತಳ್ಳಿದರು. ಆಮೇಲೆ ತಿರುಗಿ, “ಗೌಸ ಸಾಹೇಬ್ರೇ, ಇಲ್ಲೇ ನನ್ನೆದುರಿಗೆ ರುಜು ಹಾಕಿ,” ಎಂದರು.

ಸದಸ್ಯರು ಒಳಗೆ ಬೇರೊಂದು ಮೇಜು ಹಾಕಿಸಿ ಕಾರ್ಡುಗಳನ್ನು ಅಲ್ಲೇ ಪೇರಿಸಿದರು. ತಮ್ಮ ಮೇಜಿಗೆ ಬಾರದ ಕಾರ್ಡನ್ನು ಸತ್ಯಮೂರ್ತಿಯವರು ದಾಖಲಿಸಲಿಲ್ಲ, ಸಂಜೆ ಸ್ಕೋರು ಫಲಕದಲ್ಲಿ ವೃತ್ತಿಪರರ ಹೆಸರುಗಳಷ್ಟೇ ಕಂಡವು. ಮರುದಿನ ಸದಸ್ಯರು ಗೊಣಗುತ್ತ ಬಂದು ಬಿಸಿಲಿನಲ್ಲಿ ಸಾಲಾಗಿ ನಿಂತರು. ಮುಂದೆ ನುಗ್ಗಿದ ಬ್ಯಾರಿಸ್ಟರೊಬ್ಬರಿಗೆ ಸತ್ಯಮೂರ್ತಿಯವರು ಗೌಸ ಅವರ ಬೆನ್ನ ಹಿಂದಿನ ಜಾಗ ತೋರಿಸಿದರು.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಆ ಕ್ಲಬ್ಬಿನ ಸದಸ್ಯರೇ ಆಗಿದ್ದ ಮೇಲಧಿಕಾರಿಯೊಬ್ಬರು ಆರು ವರ್ಷ ಅವರ ಬಡ್ತಿಯನ್ನು ತಡೆದರು. ಹೆಂಡತಿ ಮಕ್ಕಳ ಮುಖ ನೋಡಿ ಒಮ್ಮೆ ಅವರ ಮನಸ್ಸು ಅಳುಕಿದಾಗ, ಪತ್ನಿ ವಿಮಲಾ ಅವರು, “ಬಡ್ತಿ ಬರದಿದ್ರೆ ಬೇಡ. ಮೇಜು ಒಳಗೆ ಇಟ್ಟು ಮನೆಗೆ ಬರ್ಬೇಡಿ,” ಎಂದರಂತೆ. ೧೯೭೪ರಲ್ಲಿ ಗೌಸ ಅವರು ಮತ್ತೆ ಗೆದ್ದು, ಆ ಮೇಜಿನಲ್ಲೇ ದಪ್ಪಗೆ ರುಜು ಹಾಕಿದರು.

ಈ ವರ್ಷ, ೧೯೭೯ರಲ್ಲಿ, ಸತ್ಯಮೂರ್ತಿಯವರು ಕಚೇರಿಯಿಂದಲೂ ಪಂದ್ಯಾವಳಿಯಿಂದಲೂ ನಿವೃತ್ತರಾಗುತ್ತಿದ್ದಾರೆ. ವೃತ್ತಿಪರರನ್ನು ಕರೆಯದಿದ್ದರೆ ಸನ್ಮಾನಕ್ಕೆ ಸಭಾಂಗಣ ಕೊಡುತ್ತೇವೆ ಎಂದು ಕ್ಲಬ್ಬು ತಿಳಿಸಿತು, ಅವರು ಒಲ್ಲೆನೆಂದರು. ಆದ್ದರಿಂದ ಈ ಅಭಿನಂದನ ಗ್ರಂಥವನ್ನು ಅವರಿಗೆ ಶೆಡ್ಡಿನ ಮುಂದೆಯೇ ಅರ್ಪಿಸಲಾಗುತ್ತಿದೆ. ಅವರ ಜಾಗಕ್ಕೆ ಸಂಘವು ಅವರ ಒತ್ತಾಯದ ಮೇರೆಗೆ ಗೌಸ ಅವರನ್ನೇ ನೇಮಿಸಿದೆ. ಮುಂದಿನ ವರ್ಷದಿಂದ ಸದಸ್ಯರೆಲ್ಲರೂ ಕಾರ್ಡುಗಳನ್ನು ಗೌಸ ಅವರ ಕೈಗೇ ಕೊಡಬೇಕು. ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು ಅದನ್ನು ಕಣ್ತುಂಬ ನೋಡಲು ಸತ್ಯಮೂರ್ತಿಯವರಿಗೆ ದೀರ್ಘಾಯುಸ್ಸು ಇರಲಿ, ಈ ಹಠವೂ ಇರಲಿ.