ಕಳಕಪ್ಪನ ಕಿವಿ ಮತ್ತು ಗಿಟಾರಿನ ಕಂಡೆನ್ಸರ್

ಭಾಗ್ಯನಗರದ ಸೀರೆ ಅಂಗಡಿಯಲ್ಲಿ ಕಳಕಪ್ಪನನ್ನು ಕಂಡವರಿಗೆ, ಮೆಲುದನಿಯಲ್ಲಿ ಮಾತಾಡುತ್ತ ಸೆರಗು ಬಿಡಿಸಿ ತೋರಿಸುವ ಈ ಸಣಕಲು ಮನುಷ್ಯ ಮದುವೆ ಆರತಕ್ಷತೆಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾನೆಂದರೆ ನಂಬಿಕೆ ಬರುವುದಿಲ್ಲ. ಆದರೆ ಕೊಪ್ಪಳದಿಂದ ಕುಷ್ಟಗಿಯವರೆಗೆ, ಅತ್ತ ಯಲಬುರ್ಗಾದವರೆಗೆ ಅವನಿಗೆ ಗಿಟಾರ್ ಕಳಕಪ್ಪನೆಂದೇ ಹೆಸರು. ಹುಬ್ಬಳ್ಳಿಯಲ್ಲಿ ಯಾರೋ ಬಾರಿಸುವುದನ್ನು ಬಿಟ್ಟು ಮಾರಿದ ಕೆಂಪು ಗಿಟಾರನ್ನು ಹರೆಯದಲ್ಲಿ ತಂದವನು, ಈಗ ಐವತ್ತು ದಾಟಿದರೂ ಅದನ್ನೇ ಹೆಗಲಿಗೇರಿಸುತ್ತಾನೆ. ಅವನಿಗೆ ಸ್ವರಲಿಪಿ ಓದಲು ಬರುವುದಿಲ್ಲ. ಹಾಡನ್ನು ಕೇಳುತ್ತಾನೆ, ಬೆರಳುಗಳು ಸ್ವರ ಹುಡುಕಿಕೊಂಡು ಹೋಗುತ್ತವೆ. ಕಲಿತದ್ದೆಲ್ಲ ಕಿವಿಯಿಂದ.

ಆ ಕಿವಿಯ ಬಗ್ಗೆಯೇ ಅವನಿಗೊಂದು ಹೆದರಿಕೆಯಿತ್ತು. ಅವನ ಅಪ್ಪ ವಿದ್ಯುತ್ ಮಗ್ಗಗಳ ನಡುವೆ ಆಯುಷ್ಯ ಕಳೆದವರು. ಐವತ್ತರ ಸುಮಾರಿಗೆ ಅವರ ಕಿವಿ ಮಂದವಾಯಿತು. ಮೊದಲು ಹೋದದ್ದು ಸಣ್ಣ ಸಪ್ಪಳಗಳು. ಬಳೆ ಸದ್ದು ಕೇಳದೆ ಅವ್ವ ಬಂದು ಹಿಂದೆ ನಿಂತದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಮಾತು ಕೇಳುವುದೂ ಹೋಯಿತು. ಕೊನೆಗಾಲದಲ್ಲಿ ಯಾರು ಏನಂದರೂ ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದರು. ಸಾವಿನ ಸುದ್ದಿ ಹೇಳಿದಾಗಲೂ ಒಮ್ಮೆ ಹಾಗೇ ನಕ್ಕಿದ್ದರು. ಆ ನಗು ಕಳಕಪ್ಪನ ಮನಸ್ಸಿನಿಂದ ಅಳಿಸಿರಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಜ್ವರ ಬಂದು ಕಿವಿ ಎರಡೂ ಕಟ್ಟಿಕೊಂಡವು. ಹಾಸಿಗೆ ಹಿಡಿದವನನ್ನು ನೋಡಲು ವಾದ್ಯತಂಡದ ಮುಖ್ಯಸ್ಥ ಗವಿಸಿದ್ದೇಶ ಬಂದ. ಕೀಬೋರ್ಡ್ ನುಡಿಸುವ ಹುಡುಗಾಟದ ಸ್ವಭಾವದವನು, ಕಳಕಪ್ಪನನ್ನು ಕಾಕಾ ಎಂದೇ ಕರೆಯುವವನು. ಗಿಟಾರಿನ ಕಂಟ್ರೋಲ್‌ ಗುಂಡಿಗಳು ಕೆಲವು ದಿನಗಳಿಂದ ತಿರುಗಿಸಿದರೆ ಕರಕರ ಅನ್ನುತ್ತಿದ್ದವು.

"ನೀವು ಆರಾಮ ಮಾಡ್ರಿ ಕಾಕಾ. ಬ್ಯಾರೆ ಊರಿಗೆ ಹೊಂಟೀನಿ, ಇದನ್ನೂ ರಿಪೇರಿ ಮಾಡಿಸ್ಕೊಂಡು ಬರ್ತೀನಿ," ಎಂದು ಒಯ್ದ. ದನಿ ಏರಿಳಿಸುವ ಒಂದು, ದನಿಯ ಚೂಪು-ಮಬ್ಬು ಬದಲಿಸುವ ಟೋನಿನ ಎರಡು, ಮೂರೂ ಕಂಟ್ರೋಲ್ ಬದಲಿಸಿಕೊಂಡು ತಂದಿಟ್ಟ.

ಜ್ವರ ಇಳಿಯಿತು, ಕಿವಿ ಬಿಟ್ಟಂತೆನಿಸಿತು. ಗಿಟಾರ್ ಎತ್ತಿಕೊಂಡು ಕಳಕಪ್ಪ ಒಂದು ತಂತಿ ಮೀಟಿದ. ದನಿ ಬಾಯಿಗೆ ಬಟ್ಟೆ ತುರುಕಿದಂತೆ ಬಂತು. ಟೋನಿನ ಗುಂಡಿಯನ್ನು ಕಡೆತನಕ ತಿರುಗಿಸಿದ. ಹೊಸ ತಂತಿ ಹಾಕಿದ. ಆದರೂ ಅಷ್ಟೇ. ಮೇಲಿನ ಸ್ವರಗಳಲ್ಲಿ ಇರುತ್ತಿದ್ದ ಆ ಮಿನುಗು ಎಲ್ಲೂ ಇರಲಿಲ್ಲ. ಹೊಸ ಗುಂಡಿಗಳಾದರೋ ಬೆಣ್ಣೆಯಂತೆ ತಿರುಗುತ್ತಿದ್ದವು, ಕರಕರ ಒಂದಿಷ್ಟೂ ಇಲ್ಲ. ಗಿಟಾರು ನೆಟ್ಟಗಾಗಿ ಬಂದಿದೆ, ಕೆಟ್ಟದ್ದು ನಾನು ಎಂದು ಅವನಿಗೆ ಅನಿಸಿಬಿಟ್ಟಿತು. ಮೊದಲು ಸಣ್ಣ ಸಪ್ಪಳ ಹೋಗುತ್ತದೆ, ಆಮೇಲೆ ಮಾತು.

ಹೆಂಡತಿ ಲಲಿತಾಗೆ ಅವನು ಹೇಳಲಿಲ್ಲ. ಅವಳು ಅಡುಗೆಮನೆಯಲ್ಲಿದ್ದಾಗ ಬಳೆ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದ. ಕೇಳಿಸಿದರೆ, ಇನ್ನೂ ಎಷ್ಟು ದಿನವೋ ಎಂದುಕೊಳ್ಳುವನು. ಕೇಳಿಸದಿದ್ದರೆ ಎದ್ದು ಹೋಗಿ ನೋಡುವನು; ಅವಳು ಕೈಕಟ್ಟಿ ಹಾಲು ಉಕ್ಕುವುದನ್ನು ಕಾಯುತ್ತ ನಿಂತಿರುವಳು. ವೈದ್ಯರ ಬಳಿ ಹೋದರೆ ನಿಜವಾಗಿಬಿಡುತ್ತದೆಂದು ಹೋಗಲಿಲ್ಲ. ಕುಷ್ಟಗಿಯ ಆರತಕ್ಷತೆಯಲ್ಲಿ ಮೇಲಿನ ಸ್ವರಗಳಿಗೆ ಹೋಗದೆ, ಕೆಳಗಿನ ತಂತಿಗಳಲ್ಲೇ ಹೇಗೋ ಸುಧಾರಿಸಿದ. ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದುದೇ ಅವನಿಗೆ ಸಾಕ್ಷಿಯಾಯಿತು: ಅವರಿಗೆಲ್ಲ ಗಿಟಾರ್ ಸರಿಯಾಗಿಯೇ ಕೇಳಿಸುತ್ತಿದೆ.

ವ್ಯಾನಿನಲ್ಲಿ ಬರುವಾಗ ಗವಿಸಿದ್ದೇಶನ ಪಕ್ಕ ಕೂತು, "ಯಲಬುರ್ಗಾದ್ದು ಒಂದು ಮುಗಿಸಿಕೊಡ್ತೀನಪ. ಆಮ್ಯಾಲ ಬ್ಯಾರೆ ಯಾರನ್ನರ ನೋಡ್ಕೋ," ಅಂದ.

"ಯಾಕ ಕಾಕಾ?"

"ಸಾಕಾತು."

ಗವಿಸಿದ್ದೇಶ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ.

ಯಲಬುರ್ಗಾದ ಕಾರ್ಯಕ್ರಮಕ್ಕೆ ಮೊದಲು ಕೊಪ್ಪಳದ ಒಂದು ಕೋಣೆಯಲ್ಲಿ ತಾಲೀಮು. ಎಲ್ಲರ ದನಿ ಹದ ಮಾಡುವ ಮಿಕ್ಸರ್, ದೊಡ್ಡ ಸ್ಪೀಕರ್ ಯಾವುದನ್ನೂ ತಂದಿರಲಿಲ್ಲ. ಕಳಕಪ್ಪ ತನ್ನ ಸಣ್ಣ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಿ ಕೂತಿದ್ದ. ತಂಡದ ಹಾಡುಗಾರ್ತಿ ನೂರಜಾನಬಿ ಜಾಗ ಸಾಲದೆ ಅದರ ಪಕ್ಕದಲ್ಲೇ ನಿಂತಿದ್ದಳು. ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು.

"ಕಳಕಪ್ಪಣ್ಣಾ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಗಿಟಾರ್ ಯಾಕ ಕಂಬಳಿ ಹೊದ್ಕೊಂಡ ಮಲಗಿದಂಗ ಕೇಳ್ತೈತಿ? ನನಗ ಶ್ರುತಿನ ಸಿಗವಲ್ದು."

ಕಳಕಪ್ಪನ ಕೈ ತಂತಿಯ ಮೇಲೇ ನಿಂತಿತು.

"ಏನಂದಿ? ಇನ್ನೊಮ್ಮಿ ಹೇಳು."

"ಮಬ್ಬ ಐತಿ ಅಂದೆ. ಸಣ್ಣ ದನಿ ಬರವಲ್ದು."

"ನಿನಗೂ ಹಂಗ ಕೇಳ್ತೈತಿ?"

"ಅಯ್ಯ, ನನಗೇನು, ಯಾರಿಗರ ಕೇಳ್ರಿ!"

ಕಳಕಪ್ಪ ಗವಿಸಿದ್ದೇಶನತ್ತ ನೋಡಿದ. ಅವನು ಕೀಬೋರ್ಡಿನ ಮೇಲಿನ ಧೂಳು ಒರೆಸುತ್ತ, "ಭಾಳ ದಿನದಿಂದ ಮಬ್ಬ ಐತಿ ಕಾಕಾ. ಜ್ವರ ಬಂದ ಮ್ಯಾಲ ನಿಮ್ಮ ಕೈ ಸೋತೈತಿ ಅಂದ್ಕೊಂಡೆ. ಹೇಳಿ ನಿಮ್ಮ ಮನಸ್ಸು ನೋಯಸೋದು ಬ್ಯಾಡಂತ, ಪ್ರೋಗ್ರಾಮಿನ್ಯಾಗ ನಾನ ಮಿಕ್ಸರಿನ್ಯಾಗ ಸಣ್ಣ ದನಿಯ ಟ್ರೆಬಲ್ ಏರಸ್ತಿದ್ದೆ," ಎಂದ.

ಕಳಕಪ್ಪ ಗಿಟಾರನ್ನು ಗೋಡೆಗೆ ಆನಿಸಿ ಹೊರಗೆ ಹೋಗಿ ನಿಂತ. ರಸ್ತೆಯಲ್ಲಿ ಆಟೋದವನೊಬ್ಬ ಹಾರ್ನ್ ಬಾರಿಸುತ್ತಿದ್ದ. ಅಷ್ಟು ಕೆಟ್ಟ ಸದ್ದನ್ನು ಅಷ್ಟು ಸುಖವಾಗಿ ಅವನು ಎಂದೂ ಕೇಳಿರಲಿಲ್ಲ. ಒಳಗೆ ಬಂದು, ಕಣ್ಣಿಗೆ ಧೂಳು ಬಿತ್ತೆಂದು ಹೇಳಿ ಮುಖ ತೊಳೆದುಕೊಂಡ.

ಮಾರನೆಯ ದಿನ ಗಿಟಾರ್ ಕಟ್ಟಿಕೊಂಡು ಗಂಗಾವತಿಗೆ ಹೊರಟಾಗ ಲಲಿತಾ ತಾನೂ ಬರುತ್ತೇನೆಂದಳು. ಜ್ವರದಿಂದೆದ್ದ ಮನುಷ್ಯನನ್ನು ಒಬ್ಬನೇ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಅವನು ಎಲ್ಲವನ್ನೂ ಹೇಳಿದ. ಅವಳು ಕೇಳಿ, "ಅದಕ್ಕೇನ್ರಿ, ನಾ ಕೆಲಸ ಮಾಡೋವಾಗೆಲ್ಲ ಕಳ್ಳರಂಗ ಬಂದು ಇಣಿಕಿ ನೋಡ್ತಿದ್ರಿ? ನಾ ಏನೇನೋ ಅಂದ್ಕೊಂಡೆ," ಎಂದು ನಗಲು ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಗಂಗಾವತಿಯ ಮರ್ದಾನಸಾಬರದು ರೇಡಿಯೋ ಕಾಲದ ರಿಪೇರಿ ಅಂಗಡಿ. ತಂಡದ ಆಂಪ್ಲಿಫೈಯರುಗಳು ಕೆಟ್ಟರೆ ಅಲ್ಲಿಗೇ ಬರುತ್ತಿದ್ದವು. ಅವರು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, "ಇದರ ಕೆಲಸ ನಾ ಭಾಳ ಮಾಡಿಲ್ಲ ಕಳಕಪ್ಪ. ತಗದು ನೋಡೋಣು, ತಿಳದಷ್ಟು ಮಾಡೋಣು," ಎಂದರು. ತಂತಿ ಸಡಿಲಿಸಿ, ಸ್ಕ್ರೂ ಬಿಚ್ಚಿ, ಮುಂದಿನ ಬಿಳಿ ತಟ್ಟೆಯನ್ನು ಮಗುಚಿದರು. ಕನ್ನಡಕ ಮೇಲೇರಿಸಿ ಒಂದು ಕಂಟ್ರೋಲಿನ ಬೆನ್ನ ಮೇಲಿನ ಅಂಕಿ ಓದಿದರು. ಎರಡನೆಯದನ್ನೂ ಮೂರನೆಯದನ್ನೂ ಓದಿದರು.

"ಇಪ್ಪತ್ತೈದು ಕೆ, ಅಂದ್ರ ಕರೆಂಟ್ ತಡಿಯೋ ಶಕ್ತಿ ಭಾಳ ಕಡಿಮಿ ಇದ್ದದ್ದು, ಹಾಕ್ಯಾರ ಮೂರಕ್ಕೂ. ಬ್ಯಾಟರಿ ಹಾಕೋ ಗಿಟಾರಿಗೆ ಇದು ನಡೀತೈತಿ. ನಿಂದರಾಗ ಬ್ಯಾಟರಿ ಎಲ್ಲೈತಿ? ಇದಕ್ಕ ಇನ್ನೂರೈವತ್ತು ಬೇಕು."

"ಅದರಿಂದ ಮಬ್ಬ ಆಗ್ತೈತೇನ್ರಿ ಸಾಬರ?"

"ಆಗದ ಏನು? ತಂತಿ ದನಿ ಹಿಡಿಯೋ ಪಿಕಪ್ಪಿಂದ ಬರೋ ಕರೆಂಟು ಭಾಳ ಅಶಕ್ತ ಇರ್ತೈತಿ. ಇದು ಅದನ್ನ ನೆಲಕ್ಕ ಸೋರಿಸಿಬಿಡ್ತೈತಿ. ಮೊದಲ ಹೋಗೋದ ಸಣ್ಣ ದನಿ."

ಮೊದಲು ಹೋಗುವುದೇ ಸಣ್ಣ ದನಿ. ಕಳಕಪ್ಪ ಲಲಿತಾಳ ಮುಖ ನೋಡಿದ. ಅವಳು, "ಕೇಳಿದ್ರಿಲ್ಲ?" ಅಂದಳು.

ಮರ್ದಾನಸಾಬರು ಒಂದು ಉಪಾಯ ಮಾಡಿದರು. ಪಿಕಪ್ಪಿನ ವೈರುಗಳನ್ನು ಹೊರಗೆಳೆದು, ತಟ್ಟೆ ಕೂಡಿಸಿ, ತಂತಿ ಬಿಗಿದುಕೊಳ್ಳಲು ಹೇಳಿದರು. ಮೇಜಿನ ಮೇಲೆ ಬೇರೆ ಬೇರೆ ಕಂಟ್ರೋಲ್, ಬೇರೆ ಬೇರೆ ಕಂಡೆನ್ಸರ್ ಹರಡಿ, ವೈರಿನ ತುದಿಗೆ ಕ್ಲಿಪ್ ಕಚ್ಚಿಸಿದರು. "ಬೆಸುಗಿ ಆಮ್ಯಾಲ. ಮೊದಲ ನೀ ಕೇಳಿ ಆರಿಸು."

ಐನೂರು ಕೆ ಹಾಕಿದಾಗ ದನಿ ಸ್ಟೀಲ್ ತಟ್ಟೆ ಕೈಜಾರಿದಂತೆ ಚೀರಿತು. ಕಳಕಪ್ಪ ಹುಬ್ಬು ಗಂಟಿಕ್ಕಿದ, ಆದರೆ ಒಳಗೊಳಗೇ ಹಿಗ್ಗಿದ; ಅಷ್ಟು ಚೂಪಾದದ್ದೂ ತನಗೆ ಕೇಳುತ್ತಿದೆಯಲ್ಲ! ಇನ್ನೂರೈವತ್ತು ಹಾಕಿದಾಗ ಮೀಟಿದ ತಂತಿಯಿಂದ ಆ ಹಳೆಯ ಮಿನುಗು ಎದ್ದು ಬಂತು. ಅವನು ಅದೇ ಸ್ವರವನ್ನು ಮತ್ತೆ ಮತ್ತೆ ಮೀಟಿದ.

ಇನ್ನೂರೈವತ್ತರಲ್ಲೂ ಎರಡು ಜಾತಿ. ಬಿ ಎಂದು ಬರೆದದ್ದನ್ನು ತಿರುಗಿಸಿದರೆ ಬಹಳ ದೂರದವರೆಗೆ ಏನೂ ಆಗದೆ ಕೊನೆಯಲ್ಲಿ ಟೋನು ದಬಕ್ಕನೆ ಮುಳುಗುತ್ತಿತ್ತು. ಎ ಎಂದು ಬರೆದದ್ದು ಮೆಲ್ಲಗೆ, ಸಂಜೆ ಬೆಳಕು ಇಳಿದಂತೆ ಇಳಿಯುತ್ತಿತ್ತು. "ಇದ ಇರಲಿ," ಅಂದ.

ಆಮೇಲೆ ಕಂಡೆನ್ಸರ್. ಟೋನು ಇಳಿಸಿದಾಗ ದನಿ ಎಷ್ಟು ಮಬ್ಬಾಗಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. ಗವಿಸಿದ್ದೇಶ ಮಾಡಿಸಿದ ರಿಪೇರಿಯಲ್ಲಿ ಹಾಕಿದ್ದ 104, ಅಂದರೆ ಹತ್ತರ ಮುಂದೆ ನಾಲ್ಕು ಸೊನ್ನೆಯದು, ಎಲ್ಲಕ್ಕಿಂತ ದೊಡ್ಡದು; ಅದರಲ್ಲಿ ಗುಂಡಿ ಇಳಿಸಿದರೆ ಬಾವಿಯೊಳಗಿಂದ ಕೂಗಿದಂತಿತ್ತು. 473 ಸ್ವಲ್ಪ ವಾಸಿ. 223ರಲ್ಲಿ ಇಳಿಸಿದರೂ ಇಳಿಸದಂತೆ. ನೂರಜಾನಬಿ ನಿಧಾನದ ಹಾಡು ಹಾಡುವಾಗ ಗಿಟಾರು ಅವಳ ದನಿಗೆ ಅಡ್ಡ ಬರಬಾರದು, ಹಾಗಂತ ಕಾಣೆಯೂ ಆಗಬಾರದು.

"ಇವೆರಡರ ನಡುವಿಂದು ಇಲ್ಲೇನ್ರಿ?"

ಮರ್ದಾನಸಾಬರು ಡಬ್ಬಿಗಳನ್ನು ಮಗುಚಿ, ಜಾಲಾಡಿ, 333ರ ಎರಡು ಹೊರತೆಗೆದರು. ಕಳಕಪ್ಪ ಮೀಟಿದ, ಗುಂಡಿ ಇಳಿಸಿದ, ಏರಿಸಿದ, ಕಣ್ಣು ಮುಚ್ಚಿದ. "ಹಾಂ."

"ನಂಬಬ್ಯಾಡ್ರಿ ಸಾಬರ," ಎಂದಳು ಲಲಿತಾ ನಗುತ್ತ. "ಬರದದ್ದು ನೋಡಿ ಹೇಳಾಕತ್ತಾರ. ಗ್ವಾಡಿ ಕಡೆ ಮಾರಿ ಮಾಡಿ ಕುಂದರ್ಸ್ರಿ."

ಕಳಕಪ್ಪ ಗೋಡೆಗೆ ಮುಖ ಮಾಡಿ ಕೂತ. ಟೋನನ್ನು ಪೂರ್ತಿ ಇಳಿಸಿಟ್ಟು, ಮರ್ದಾನಸಾಬರು ಸದ್ದಾಗದಂತೆ ಕ್ಲಿಪ್ ಬದಲಿಸುತ್ತ ಹೋದರು. ಅವನು ಮೀಟಿ ಹೇಳುತ್ತ ಹೋದ. "ಇದು ಬಾವಿ. ಇದು ಟೂ ಟೂ ಥ್ರೀ. ಇದು ನಮ್ಮದು." ಮತ್ತೆ ಮೀಟಿ, ತಡೆದು, "ಈಗ ನೀವು ಬದ್ಲಿ ಮಾಡೇ ಇಲ್ಲ," ಅಂದ. ಮರ್ದಾನಸಾಬರು ಗಟ್ಟಿಯಾಗಿ ನಕ್ಕರು. ಒಂದು ಕಡೆ ಮಾತ್ರ ಅವನು ಸೋತ. 333ರವು ಎರಡಿದ್ದವಲ್ಲ, ಹಸಿರು ಪಾಲಿಯೆಸ್ಟರ್ ಒಂದು, ಬಿಲ್ಲೆಯಂಥ ಸೆರಾಮಿಕ್ ಒಂದು. ಎರಡರ ನಡುವೆ ಎಷ್ಟು ಸಲ ಮೀಟಿದರೂ ವ್ಯತ್ಯಾಸ ತಿಳಿಯಲಿಲ್ಲ. ಅವನ ಮುಖ ಸಪ್ಪಗಾಯಿತು.

"ಅರೆ, ಅದು ನನಗೂ ತಿಳಿಯಂಗಿಲ್ಲ, ನನ್ನ ಮೀಟರಿಗೂ ತಿಳಿಯಂಗಿಲ್ಲ," ಎಂದರು ಮರ್ದಾನಸಾಬರು. "ಹಸರದ್ದು ಹಾಕೋಣು. ಬಿಲ್ಲೆ ನಮ್ಮ ಬ್ಯಾಸಗಿ ಬಿಸಲಿಗೆ ಏರುಪೇರ ಆಗ್ತೈತಿ."

ಬೆಸುಗೆಯ ಹೊಗೆ ಏಳುತ್ತಿರುವಾಗ ಲಲಿತಾ ಅವನ ಪಕ್ಕ ಬಂದು ಕೂತು, ಬೇಕೆಂದೇ ಬಳೆ ಜಣಗುಟ್ಟಿಸಿದಳು. ಅವನು ತಿರುಗಿ ನೋಡಿ, "ಕೇಳಿತ ಮಾರಾಯ್ತಿ," ಎಂದ.

ಅಷ್ಟಕ್ಕೇ ಅವಳು ಬಿಡಲಿಲ್ಲ. ಮರುವಾರ ಕೊಪ್ಪಳದಲ್ಲಿ ಕಿವಿ ವೈದ್ಯರ ಹತ್ತಿರ ಕರೆದೊಯ್ದಳು. ಹೆಡ್‌ಫೋನ್ ಹಾಕಿಸಿ ಪರೀಕ್ಷೆ ಮಾಡಿದ ವೈದ್ಯೆ, ಎಡಗಿವಿಯಲ್ಲಿ ತೀರ ಮೇಲಿನ ಸದ್ದುಗಳಿಗೆ ಸ್ವಲ್ಪ ಸವೆತ ಇದೆ, ವಯಸ್ಸಿಗೆ ಅದೇನೂ ಹೆಚ್ಚಲ್ಲ, ಆದರೆ ಡ್ರಮ್ಮಿನ ಪಕ್ಕ ನಿಲ್ಲಬೇಡಿ, ನಿಂತರೆ ಕಿವಿಗೆ ಪ್ಲಗ್ ಇಟ್ಟುಕೊಳ್ಳಿ ಎಂದರು. ಕಳಕಪ್ಪ ಅದನ್ನು ಹೆದರದೆ ಕೇಳಿಸಿಕೊಂಡ. ಏನಿದೆಯೆಂದು ಗೊತ್ತಿಲ್ಲದೆ ಕಳೆದ ದಿನಗಳಿಗಿಂತ, ಇಷ್ಟಿದೆ ಎಂದು ತಿಳಿದದ್ದು ಹಗುರವಾಗಿತ್ತು.

ಯಲಬುರ್ಗಾದ ಆರತಕ್ಷತೆಯಲ್ಲಿ ಅವನು ಡ್ರಮ್ಮಿನಿಂದ ದೂರ, ವೇದಿಕೆಯ ಇನ್ನೊಂದು ಮೂಲೆಗೆ ನಿಂತ. ಎರಡನೆಯ ಹಾಡಿನಲ್ಲಿ ತಡೆಯಲಾರದೆ ಮೇಲಿನ ತಂತಿಗೆ ಹೋದ. ಊಟದ ಸಾಲಿನಲ್ಲಿದ್ದ ನಾಲ್ಕು ಜನ ತಟ್ಟೆ ಹಿಡಿದು ತಿರುಗಿ ನೋಡಿದರು. ಗವಿಸಿದ್ದೇಶ ಕೀಬೋರ್ಡಿನಿಂದ ಒಂದು ಕೈ ತೆಗೆದು ಮಿಕ್ಸರಿನ ಟ್ರೆಬಲ್ ಕೆಳಗಿಳಿಸಿದ.

ಹಾಡು ಮುಗಿದ ಮೇಲೆ ಬಳಿಗೆ ಬಂದು, "ಕಾಕಾ, ಹನುಮಸಾಗರದವ್ರು ಫೋನ್ ಮಾಡಿದ್ರು, ಬರೋ ತಿಂಗಳ ಮದುವಿ ಐತಂತ. ಏನ್ ಹೇಳ್ಲಿ?" ಎಂದ.

"ಬರ್ತೀವಿ ಅಂತ ಹೇಳು," ಎಂದ ಕಳಕಪ್ಪ, ಟೋನನ್ನು ತುಸು ಇಳಿಸುತ್ತ. ನೂರಜಾನಬಿ ನಿಧಾನದ ಹಾಡಿಗೆ ಮೈಕ್ ಹಿಡಿದಿದ್ದಳು.