ಪಿತ್ತಕೋಶದ ಗೋಡೆ

ಮೊದಲು ಹಳದಿಯಾದದ್ದು ಕಣ್ಣೋ ಮೂತ್ರವೋ, ಈಗ ಹೇಳಲಾರೆ. ಬಲಪಕ್ಕೆಯ ಕೆಳಗೆ ಭಾರ. ಊಟ ಎಂದರೆ ವಾಕರಿಕೆ. ಸುರಪುರದ ಶಾಲೆಯಲ್ಲಿ ಪಾಠ ಹೇಳುವ ನಡುವೆ ಕುರ್ಚಿ ಹಿಡಿದು ನಿಂತದ್ದು ಮಾತ್ರ ಖಚಿತ. ಉಳಿದದ್ದನ್ನು ಆಮೇಲೆ ಜೋಡಿಸಿಕೊಂಡಿರಬಹುದು.

ಶಹಾಪುರದಲ್ಲಿ ಸ್ಕ್ಯಾನಿಂಗ್. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು. ಜೊತೆಗೆ ಬಂದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಶಾಂತಕ್ಕ. ಬಸ್ ಸ್ಟ್ಯಾಂಡಿನಲ್ಲಿ ನಾನು ತೂಗಾಡುವುದನ್ನು ನೋಡಿ, ಹಾಲು ಹೆಚ್ಚಿಗೆ ಹಾಕಿಸಿ ಚಹಾ ಕುಡಿಸಿದಳು. ನಮ್ಮಲ್ಲಿ ಚಹಾ ಊಟದ ಲೆಕ್ಕಕ್ಕೆ ಬರುವುದಿಲ್ಲ. ಏನೂ ತಿಂದಿಲ್ಲ ಎಂದು ಇಬ್ಬರೂ ಹೇಳಿದೆವು.

ಪಿತ್ತಕೋಶ ಕುಗ್ಗಿದೆ, ಗೋಡೆ ದಪ್ಪವಾಗಿದೆ ಎಂದು ರಿಪೋರ್ಟ್ ಬಂತು. ಲಿವರ್ ಬಗ್ಗೆಯೂ ಒಂದು ಸಾಲಿತ್ತು; ಅದನ್ನು ನಾವು ಗಮನಿಸಲಿಲ್ಲ. ಪಿತ್ತಕೋಶ ತೆಗೆದುಬಿಡೋಣ ಎಂದರು ಸರ್ಜನ್.

ನನಗೆ ಸಮಾಧಾನವಾಯಿತು.

ತೆಗೆದು ಎಸೆಯಬಹುದಾದ ರೋಗ. ಶಾಂತಕ್ಕ ಆಸ್ಪತ್ರೆಗೆಂದು ಸೀರೆ, ಚಾದರ ಮಡಚಿಟ್ಟಳು. ಆದರೆ ಆಪರೇಷನ್‌ಗೆ ಮೊದಲು ಮಾಡಿದ ರಕ್ತ ಪರೀಕ್ಷೆ ಸರಿಬರಲಿಲ್ಲ, ಯಾದಗಿರಿಗೆ ಕಳಿಸಿದರು.

ಅಲ್ಲಿನ ಡಾಕ್ಟರು ಹಳೆಯ ರಿಪೋರ್ಟ್ ನೋಡಿ, "ಅವತ್ತು ಚಹಾ ಏನಾರ ಕುಡದಿದ್ರೇನು?" ಎಂದರು.

"ಚಹಾ ಕುಡದ್ರ ಹೊಟ್ಟಿ ತುಂಬತೈತೇನ್ರಿ ಸಾಹೇಬ್ರ?" ಎಂದಳು ಶಾಂತಕ್ಕ.

ಅವರು ನಕ್ಕರು. ಹಾಲು ಹೊಟ್ಟೆಗೆ ಬಿದ್ದರೂ ಪಿತ್ತಕೋಶ ಹಿಂಡಿಕೊಂಡು ಗೋಡೆ ದಪ್ಪ ಕಾಣುತ್ತದಂತೆ. ಮರುದಿನ ನೀರನ್ನೂ ಮುಟ್ಟದೆ ಮತ್ತೆ ಸ್ಕ್ಯಾನಿಂಗ್‌ಗೆ ಹೋದೆ. ತಣ್ಣನೆಯ ಜೆಲ್. ಪಕ್ಕೆಲುಬಿನ ಕೆಳಗೆ ಪ್ರೋಬ್ ಒತ್ತುತ್ತಿತ್ತು. ಉಸಿರು ಹಿಡಿ, ಬಿಡು. ಪಿತ್ತಕೋಶ ಈಗ ತುಂಬಿತ್ತು. ಕಲ್ಲಿರಲಿಲ್ಲ. ಆದರೂ ಗೋಡೆ ದಪ್ಪವೇ. ಲಿವರ್ ಒರಟಾಗಿತ್ತು, ಸುತ್ತ ನೀರು.

"ಪಿತ್ತದ ಚೀಲದಾಗ ರೋಗ ಇಲ್ರಿ. ಲಿವರ್ ಕೆಟ್ಟದ್ದಕ್ಕ ಅದು ಬಾತದ. ಇಂಥಾದ್ರಾಗ ಕೊಯ್ದ್ರ ಜೀವಕ್ಕ ಅಪಾಯ."

ರಕ್ತ ಪರೀಕ್ಷೆಯಲ್ಲಿ ಸಿಕ್ಕಿದ್ದು ಹೆಪಟೈಟಿಸ್ ಬಿ, ರಕ್ತದಿಂದ ಹರಡುವ ಸೋಂಕು.

ಎಲ್ಲಿಂದ ಬಂತು, ಯಾವಾಗ? ಕೆದಕಿದಷ್ಟೂ ನೆನಪು ಹೊಸ ಹೊಸ ಸೂಜಿಗಳನ್ನು, ಹೆರಿಗೆ ಕೋಣೆಗಳನ್ನು ತಂದು ಮುಂದಿಡುತ್ತದೆ, ಯಾವುದನ್ನೂ ನಂಬಲಾರೆ. ಕೊಯ್ಯುವುದಿಲ್ಲ ಎಂದರೆ ಒಳ್ಳೆಯದೇ ಆಯಿತಲ್ಲ ಎಂದು ಬಸ್ಸಿನಲ್ಲಿ ಶಾಂತಕ್ಕ ಕೇಳಿದಳು. ಆದರೆ ಲಿವರನ್ನು ತೆಗೆದು ಎಸೆಯಲು ಬರುವುದಿಲ್ಲ.

ಈಗ ದಿನವೂ ಗುಳಿಗೆ. ಉಪ್ಪು ಕಡಿಮೆ. ಮನೆಯವರೆಲ್ಲರ ರಕ್ತ ಪರೀಕ್ಷೆ ಆಯಿತು, ಯಾರಿಗೂ ಇಲ್ಲ. ಹೊಟ್ಟೆಯ ನೀರು ಇಳಿದಿದೆ. ಡಾಕ್ಟರು ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ನೋಡಲು ಬಂದವರು ಮಾತ್ರ ಆಪರೇಷನ್ ಯಾವಾಗ ಎಂದೇ ಕೇಳುತ್ತಾರೆ. ಮೊನ್ನೆ ನನ್ನ ಬದಲು ಶಾಂತಕ್ಕ ಹೇಳಿದಳು.

"ಆಪರೇಷನ್ ಇಲ್ರಿ. ನಮ್ಮದು ಗುಳಿಗಿ ಮ್ಯಾಲ ನಡದೈತಿ."

ಹೌದೆಂದು ನಾನೂ ತಲೆಯಾಡಿಸಿದೆ.